ತೋಟಕ್ಕೆ ಬರುವ ಗಿರಾಕಿಗಳು

ಅನ್ಯರ ಹಣ್ಣಿನ ತೋಟವನ್ನು ಹೊಕ್ಕು ತಮಗೆ ಬೇಕಾದುದನ್ನು ತಾವೇ ಕಿತ್ತುಕೊಳ್ಳುವ ಪದ್ಧತಿ ಮೈಸೂರು ಸೀಮೆಯಲ್ಲಿ ಹೊಸದೇನಲ್ಲ. ಶಾಲೆಗೆ ಹೋಗುವ ವಯಸ್ಸಿನ ಹುಡುಗರು ಅದನ್ನು ತಲೆತಲಾಂತರದಿಂದ ನಡೆಸಿಕೊಂಡು ಬಂದಿದ್ದಾರೆ. ಈಗ ಅದೇ ಕೆಲಸವನ್ನು ದೊಡ್ಡವರು ಮಾಲೀಕನ ಅನುಮತಿ ಪಡೆದು, ಹಾಡುಹಗಲಿನಲ್ಲಿ, ಸಂಸಾರ ಸಮೇತರಾಗಿ, ಹಣ ತೆತ್ತು ಮಾಡುತ್ತಾರೆ, ಮತ್ತು ಓಡಿಹೋಗುವ ಅಗತ್ಯವಿಲ್ಲದ ಕಾರಣ ಅರ್ಧ ದಿನ ತೆಗೆದುಕೊಳ್ಳುತ್ತಾರೆ. ಅಮೆರಿಕದ ರೈತರು ಈ ಏರ್ಪಾಟನ್ನು ಹಿಡಿದದ್ದು 1930–40ರ ದಶಕಗಳಲ್ಲಿ, ಅಂದರೆ ಹಣ್ಣಿನ ಬೆಲೆ ಬಿದ್ದು ಕೊಯ್ಲಿನ ಕೂಲಿಯೂ ಗಿಟ್ಟದ ಕಾಲದಲ್ಲಿ. ಆಳಿನ ಕೆಲಸವನ್ನು ಗಿರಾಕಿಗೆ ವಹಿಸಿ, ಅದೇ ಅವನಿಗೆ ವಿಹಾರವೆಂದು ನಂಬಿಸುವುದು ಇದರ ತಿರುಳು. ಕರ್ನಾಟಕದಲ್ಲಿ ರಾಜ್ಯ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮವು ಮಾವಿನ ಕಾಲದಲ್ಲಿ ಬೆಂಗಳೂರಿನವರನ್ನು ರಾಮನಗರ, ಕೋಲಾರ ಕಡೆಯ ತೋಟಗಳಿಗೆ ಕರೆದೊಯ್ದದ್ದುಂಟು. ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆಗಳ ಕಡೆ ಬರುವವರು ಸಾಮಾನ್ಯವಾಗಿ ನೆಂಟರು, ನೆಂಟರ ಸಹೋದ್ಯೋಗಿಗಳು, ಮತ್ತು ಕೊಡಗಿಗೆ ಹೋಗುವ ದಾರಿಯಲ್ಲಿ ಕಾರು ನಿಲ್ಲಿಸಿ ಬೇಲಿಯಾಚೆ ಇಣುಕುವವರು.

ಹಾಗೆ ಇಣುಕಿದವರಿಗೆ ಮೊದಲು ಕಾಣಿಸುವುದು ಹಣ್ಣಲ್ಲ. ಮೈಸೂರಿನಿಂದ ಪಿರಿಯಾಪಟ್ಟಣಕ್ಕೆ ಸುಮಾರು 70 ಕಿಲೋಮೀಟರು. ಮಳೆಗಾಲದಲ್ಲಿ ಹುಣಸೂರು ದಾಟಿದ ಮೇಲೆ ಹೆದ್ದಾರಿಯ ಇಕ್ಕೆಲಗಳಲ್ಲಿ ಸೊಂಪಾಗಿ ಕಾಣುವ ಅಗಲ ಎಲೆಯ ಬೆಳೆ ವರ್ಜೀನಿಯಾ ಹೊಗೆಸೊಪ್ಪು. ಇದನ್ನೂ ಹಣ್ಣಿನಂತೆ ಬಲಿತಷ್ಟನ್ನೇ, ಬುಡದ ಎಲೆಯಿಂದ ಮೊದಲುಮಾಡಿ ಕಂತುಕಂತಾಗಿ ಕೀಳಬೇಕು, ಆಮೇಲೆ ಬ್ಯಾರನ್ ಎಂಬ ಎತ್ತರದ ಗೂಡಿನಲ್ಲಿ ಕಡ್ಡಿಗೆ ಕಟ್ಟಿ ತೂಗುಹಾಕಿ ಬೆಂಕಿಯ ಕಾವಿನಲ್ಲಿ ಹದಗೊಳಿಸಬೇಕು. ಆದರೂ ಯಾವ ಪ್ರವಾಸಿಯೂ ತಾನೇ ಒಂದು ಎಲೆ ಕಿತ್ತುಕೊಳ್ಳುವೆನೆಂದು ಆಸೆಪಟ್ಟದ್ದು ಕೇಳಿಬಂದಿಲ್ಲ. ಹದವಾದ ಸೊಪ್ಪು ಬೇಲ್‌ಗಳಾಗಿ ತಂಬಾಕು ಮಂಡಳಿಯ ಹರಾಜು ಕಟ್ಟೆಗೆ ಹೋಗುತ್ತದೆ. ಅಲ್ಲಿ ಬೆಲೆ ಹೇಳುವವನು ಕೊಳ್ಳುವವನು, ಬೆಳೆದವನು ತನ್ನ ಬೇಲಿನ ಪಕ್ಕದಲ್ಲಿ ಕೈಕಟ್ಟಿ ನಿಂತಿರುತ್ತಾನೆ. ಇಂಥ ರೈತನೇ ಮನೆಯ ಹಿಂದಿನ ನಾಲ್ಕು ಸಪೋಟ ಮರದ ಕೆಳಗೆ ತಕ್ಕಡಿ ಇಟ್ಟುಕೊಂಡು, ಕಾರಿನಿಂದ ಇಳಿದವರಿಗೆ ತಾನೇ ಒಂದು ಬೆಲೆ ಹೇಳುವಾಗ ಅವನ ದನಿಯಲ್ಲಿ ಕೇಳಿಬರುವ ಗಾಂಭೀರ್ಯಕ್ಕೆ ಹರಾಜು ಕಟ್ಟೆಯೇ ಕಾರಣವೆಂದು ಊಹಿಸಬಹುದು.

ಮಾವಿನ ತೋಟದ ವಿಷಯದಲ್ಲಿ ಮಾಲೀಕನ ಅನುಮತಿಯೂ ಸಾಲದೆ ಹೋಗುತ್ತದೆ. ಮರ ಹೂ ಬಿಟ್ಟಾಗಲೇ ಇಡೀ ಫಸಲನ್ನು ಗುತ್ತಿಗೆದಾರನಿಗೆ ಮಾರಿ ಮುಂಗಡ ಪಡೆಯುವ ರೂಢಿ ರಾಜ್ಯದುದ್ದಕ್ಕೂ ಇದೆ; ಹೀಗೆ ಮಾರಿದ ಮೇಲೆ ಕಾಯಿಯ ಒಡೆತನ ಗುತ್ತಿಗೆದಾರನದು, ಕಾವಲೂ ಅವನದು, ಉಪ್ಪಿನಕಾಯಿಗೆಂದು ಹತ್ತು ಕಾಯಿ ಬೇಕಾದರೆ ತೋಟದ ಯಜಮಾನಿ ಕಾವಲುಗಾರನನ್ನು ಕೇಳಬೇಕು. ನೆಂಟರನ್ನು ಕರೆದುಕೊಂಡು ಬಂದ ಗೌಡರು ತಮ್ಮದೇ ಮರದ ಕೆಳಗೆ ನಿಂತು ಕಾವಲಿನ ಹುಡುಗನೊಡನೆ ನಯವಾಗಿ ಮಾತನಾಡುತ್ತಿದ್ದರೆ ಅದು ಸೌಜನ್ಯವಲ್ಲ, ಕರಾರು.

ಎಲ್ಲ ಅನುಮತಿಗಳೂ ದೊರೆತವೆಂದುಕೊಂಡರೂ ಹಣ್ಣು ದೊರೆಯುವುದಿಲ್ಲ. ಈ ಸೀಮೆಯ ಮಾವು, ಬಾಳೆ, ಸಪೋಟಗಳು ಕಿತ್ತ ಮೇಲೆ ಹಣ್ಣಾಗುವ ಜಾತಿಯವು. ಮರದಲ್ಲಿ ಅವು ಬಲಿಯುತ್ತವೆ, ಮಾಗುವುದು ಮನೆಯಲ್ಲಿ. ಮರದಿಂದ ಕಿತ್ತು ಅಲ್ಲಿಯೇ ಕಚ್ಚಿ ತಿನ್ನುವ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದ ಪೇಟೆಯವರಿಗೆ ಇದನ್ನು ಯಾರೂ ಮುಂಚಿತವಾಗಿ ಹೇಳಿರುವುದಿಲ್ಲ. ತೊಟ್ಟಿನ ಬುಡದಲ್ಲಿ ಹೆಗಲು ತುಂಬಿದ ಮಾವಿನಕಾಯನ್ನು ಗಳದ ತುದಿಯ ಬಲೆಗೆ ಸಿಕ್ಕಿಸಿ ಇಳಿಸಿ, ಒಂದು ಅಂಗುಲದಷ್ಟು ತೊಟ್ಟು ಉಳಿಸಬೇಕೆಂಬುದನ್ನು ತಿಳಿಯದೆ ಬುಡಕ್ಕೇ ಮುರಿದರೆ ಸೊನೆ ಚಿಮ್ಮುತ್ತದೆ. ಸೊನೆಯೆಂದರೆ ತೊಟ್ಟಿನಲ್ಲಿರುವ ಕಟುವಾದ ರಸ. ಕಾಯಿಯ ಮೇಲೆ ಹರಿದರೆ ಕಪ್ಪು ಕಲೆ, ತುಟಿಗೆ ತಾಗಿದರೆ ಎರಡು ದಿನ ನೆನಪಿರುವಂಥ ಉರಿ. ಸಪೋಟ ಇನ್ನೂ ಗುಟ್ಟಿನದು, ಏಕೆಂದರೆ ಎಳೆಯದಕ್ಕೂ ಬಲಿತದ್ದಕ್ಕೂ ಬಣ್ಣ ಒಂದೇ. ತಿಳಿದವರು ಮೇಲಿನ ಕಂದು ಹೊಟ್ಟನ್ನು ಬೆರಳಿನಿಂದ ಉಜ್ಜಿ ಉಗುರಿನಲ್ಲಿ ಸಣ್ಣಗೆ ಗೀರುತ್ತಾರೆ. ಗೀರು ಹಸಿರಾಗಿದ್ದು ಹಾಲು ಒಸರಿದರೆ ಬಿಟ್ಟುಬಿಡಬೇಕು, ಹಳದಿಗೆ ತಿರುಗಿದ್ದರೆ ಕೀಳಬಹುದು. ಈ ಪರೀಕ್ಷೆಯನ್ನು ಒಮ್ಮೆ ಹೇಳಿಕೊಟ್ಟರೆ ಸಾಕು, ಮಕ್ಕಳು ಕೈಗೆಟುಕುವ ಸಪೋಟಗಳನ್ನೆಲ್ಲ ಗೀರಿ ಗೀರಿ ಬಿಟ್ಟುಬಿಡುತ್ತಾರೆ. ಕೊನೆಗೆ ಹಣ್ಣಿಗೆಂದು ಬಂದವರು ಚೀಲದ ತುಂಬ ಕಾಯಿ ಹೊತ್ತು, ಭತ್ತದ ಹುಲ್ಲಿನಲ್ಲಿ ಅಡೆ ಹಾಕಿ, ಅಂದರೆ ಮುಚ್ಚಿಟ್ಟು ಮಾಗಿಸಿಕೊಂಡು ಒಂದು ವಾರದ ನಂತರ ತಿನ್ನಬೇಕೆಂಬ ಉಪದೇಶದೊಡನೆ ಹಿಂದಿರುಗುತ್ತಾರೆ. ಮೈಸೂರಿನ ಅಪಾರ್ಟ್‌ಮೆಂಟುಗಳಲ್ಲಿ ಭತ್ತದ ಹುಲ್ಲು ಎಲ್ಲಿ ಸಿಗುತ್ತದೆಂಬುದನ್ನು ಉಪದೇಶ ಮಾಡಿದವರು ಹೇಳುವುದಿಲ್ಲ. ಸ್ಥಳದಲ್ಲೇ ತಿನ್ನಬೇಕೆನ್ನುವವರಿಗೆ ಉಳಿಯುವುದು ಸೀಬೆ, ಅದೂ ಗಿಳಿ ಬಿಟ್ಟಿದ್ದರೆ.

ಹಲಸು ಬೇರೆಯೇ ಅಧ್ಯಾಯ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಮೂರನೆಯ ಮಂಗರಸನು 16ನೆಯ ಶತಮಾನದ ಆರಂಭದಲ್ಲಿ ರಚಿಸಿದ ‘ಸೂಪಶಾಸ್ತ್ರ’ವೆಂಬ ಪಾಕಗ್ರಂಥದಲ್ಲಿ ಬದನೆ, ಬಾಳೆಗಳೊಡನೆ ಹಲಸಿಗೂ ಸ್ಥಾನವಿದೆ, ಆದರೆ ಕವಿಯು ಪ್ರಭುವೂ ಆಗಿದ್ದುದರಿಂದ ಹಲಸನ್ನು ಮರದಿಂದ ಇಳಿಸಿ, ಕೈಗೆ ಎಣ್ಣೆ ಸವರಿಕೊಂಡು, ಮೇಣದೊಡನೆ ಹೋರಾಡುವ ಭಾಗ ಅವನ ಪಾಲಿಗೆ ಬಂದಿರಲಾರದು. ಹಲಸು ಬಲಿತಿದೆಯೇ ಎಂದು ತಿಳಿಯಲು ಮುಳ್ಳುಗಳ ನಡುವಿನ ಅಂತರ ನೋಡಬೇಕು, ಬೆರಳಿನಿಂದ ತಟ್ಟಿ ಮಂದವಾದ ಸದ್ದು ಬರುತ್ತದೆಯೇ ಎಂದು ಕೇಳಬೇಕು. ತಟ್ಟುವವರೆಲ್ಲರಿಗೂ ಏನೋ ಒಂದು ಸದ್ದು ಕೇಳಿಸುತ್ತದೆ, ಮತ್ತು ಎಲ್ಲರೂ ತಲೆಯಾಡಿಸುತ್ತಾರೆ.

ಈ ವಿದ್ಯೆಯಲ್ಲಿ ಎಂದೂ ತಪ್ಪದ ಗಿರಾಕಿಗಳು ನಾಗರಹೊಳೆಯ ಅಂಚಿನ ಹಳ್ಳಿಗಳಿಗೆ ರಾತ್ರಿ ಬರುತ್ತಾರೆ. ಹಲಸಿನ ವಾಸನೆಯನ್ನು ದೂರದಿಂದಲೇ ಹಿಡಿಯುವ ಆನೆ ತಟ್ಟಿ ನೋಡುವುದಿಲ್ಲ, ಚೌಕಾಸಿ ಮಾಡುವುದಿಲ್ಲ, ಹಣ್ಣಿನ ಜೊತೆಗೆ ಬಾಳೆಯನ್ನು ಬುಡಸಮೇತ ಕೊಂಡುಹೋಗುತ್ತದೆ. ಬಿಲ್ಲನ್ನು ಪರಿಹಾರದ ಅರ್ಜಿಯ ರೂಪದಲ್ಲಿ ಅರಣ್ಯ ಇಲಾಖೆಗೆ ಸಲ್ಲಿಸಬೇಕು. ಈ ಗಿರಾಕಿಗಳನ್ನು ತಡೆಯಲು ಕಾಡಂಚಿನಲ್ಲಿ ಹಳೆಯ ರೈಲು ಹಳಿಗಳನ್ನು ನೆಟ್ಟು ಬೇಲಿ ಮಾಡಿದ್ದಾರೆ. ಆನೆ ಬರಬಾರದೆಂದು ಹಲಸನ್ನು ಎಳೆಯದಾಗಿರುವಾಗಲೇ ಕಿತ್ತು ಹಾಕುವವರೂ ಉಂಟು, ಆದುದರಿಂದ ಭಾನುವಾರ ಬಂದವರಿಗೆ ಬರಿಯ ಮರ ತೋರಿಸಬೇಕಾಗುತ್ತದೆ.

ತೂಗುವ ಹೊತ್ತಿನಲ್ಲಿ ಎರಡು ನ್ಯಾಯಗಳು ಎದುರುಬದುರಾಗುತ್ತವೆ. ತೋಟದಲ್ಲಿ ನಿಂತು ತಿಂದದ್ದಕ್ಕೆ ಲೆಕ್ಕವಿಲ್ಲ, ಮಡಿಲಿಗೆ ಕಟ್ಟಿಕೊಂಡದ್ದಕ್ಕೆ ಮಾತ್ರ ಲೆಕ್ಕ ಎಂಬುದು ಊರಿನ ನ್ಯಾಯ. ಪೇಟೆಯ ನ್ಯಾಯ ಬೇರೆ: “ಕಿತ್ತೋರು ನಾವೇ ಅಲ್ವಾ ಗೌಡ್ರೇ, ಕೂಲಿ ಕಳೀಬೇಡ್ವಾ?” ಎಂದು ಗಿರಾಕಿ ಕೇಳಿದರೆ, “ಕಳೀತೀನಿ ಬುಡಿ ಸಾ, ಮುರ್ದಿರೋ ಕೊಂಬೇದೂ ಸೇರಿಸ್ಲಾ?” ಎಂಬ ಉತ್ತರ ಬರುತ್ತದೆ. ಮಂಡಿಗೆ ಹಾಕಿದರೆ ಸಾಗಣೆ, ಹಮಾಲಿ, ಕಮಿಷನ್ ಕಳೆದು ಬರುವುದಕ್ಕಿಂತ ಈ ತಕ್ಕಡಿಯಲ್ಲಿ ಬರುವುದು ಹೆಚ್ಚೆಂಬುದು ಗೌಡರಿಗೆ ಗೊತ್ತು. ಆದರೂ ಮನೆ ಬಾಗಿಲಿಗೆ ಬಂದವರಿಗೆ ಹಣ್ಣು ತೂಗುವುದೆಂದರೆ ಅವರಿಗೆ ಒಂದಿಷ್ಟು ನಾಚಿಕೆಯೇ, ಮತ್ತು ಆ ನಾಚಿಕೆಯನ್ನು ಕಳೆಯಲು ಯಜಮಾನಿಯು ತೂಕದ ಮೇಲೆ ನಾಲ್ಕು ಸಪೋಟ, ಒಂದು ಹಿಡಿ ಕರಿಬೇವು, ಕೇಳದಿದ್ದರೂ ಒಂದು ತೆಂಗಿನಕಾಯಿ ಸೇರಿಸಿಬಿಡುತ್ತಾರೆ, ಅಲ್ಲಿಗೆ ಲಾಭವೂ ಮುಗಿಯುತ್ತದೆ.

ಹೋಗಬೇಕೆನ್ನುವವರು ಹಳೆಯ ಅಂಗಿ ತೊಟ್ಟು, ಕೊಬ್ಬರಿ ಎಣ್ಣೆಯನ್ನೂ ಚಿಲ್ಲರೆ ಹಣವನ್ನೂ ಜೊತೆಗಿರಿಸಿಕೊಂಡು ಬೆಳಿಗ್ಗೆಯೇ ಹೊರಡುವುದು ಒಳ್ಳೆಯದು, ಎಚ್.ಡಿ. ಕೋಟೆಯ ಕಡೆ ಹೋಗುವವರಂತೂ ಗಡಿಯಾರ ನೋಡಿಕೊಳ್ಳಲಿ, ಮೈಸೂರು–ಮಾನಂದವಾಡಿ ಹೆದ್ದಾರಿಯ ಕಾಡಿನ ಭಾಗವನ್ನು ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ವಾಹನಗಳಿಗೆ ಮುಚ್ಚಿರುತ್ತಾರೆ.