ನಮ್ಮ ಡ್ರಾಫ್ಟ್ ಭಾವ

ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಬೆಂಚಿನ ಮೇಲೆ ಕೂತು ನೀರು ಕುಡಿಯುವ ರೀತಿ ನೋಡಿಯೇ ಅವನ ಮುಂದಿನ ಹದಿನೈದು ವರ್ಷದ ಹಣೆಬರಹ ಓದಿಬಿಡುವ ಜನ ಅಮೆರಿಕದಲ್ಲಿ ಊರಿಗೆ ಹತ್ತು ಮಂದಿ ಸಿಗುತ್ತಾರೆ. ಡಾಲಸ್‌ನ ಹೊರವಲಯದ ಅಂಥ ಹತ್ತರಲ್ಲಿ ಒಬ್ಬರು ನನ್ನ ಅಕ್ಕನ ಯಜಮಾನರು. ಮೂಲ ಊರು ಚನ್ನರಾಯಪಟ್ಟಣದ ಕಡೆ. ಹಗಲು ಸಾಫ್ಟ್‌ವೇರ್ ಕೆಲಸ; ಅದು ಹೊಟ್ಟೆಪಾಡು. ನವೆಂಬರಿನಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಶುರುವಾದ ದಿನದಿಂದ ಜೂನ್‌ನಲ್ಲಿ ಎನ್‌ಬಿಎ ಡ್ರಾಫ್ಟ್ ಮುಗಿಯುವವರೆಗೆ ರಾತ್ರಿ ಹೊತ್ತು ಮಾಡುವುದೇ ಅವರ ಅಸಲಿ ಉದ್ಯೋಗ. ಅದಕ್ಕೆ ಸಂಬಳವಿಲ್ಲ, ರಜೆಯಿಲ್ಲ, ಮೇಲಧಿಕಾರಿಯೂ ಇಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ತಪ್ಪಿದರೆ ಕೇಳುವವರಿಲ್ಲ.

ಡ್ರಾಫ್ಟ್ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಪ್ರತಿ ಜೂನ್‌ನಲ್ಲಿ ಎನ್‌ಬಿಎಯ 30 ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುತ್ತವೆ. ಎರಡು ಸುತ್ತು, ಸುಮಾರು 60 ಹೆಸರು. ಹಿಂದಿನ ವರ್ಷ ಸೋತು ಸುಣ್ಣವಾದ ತಂಡಕ್ಕೆ ಮುಂಚಿನ ಸರದಿ ಸಿಗುವ ಅವಕಾಶ ಜಾಸ್ತಿ, ಆದರೂ ಕೊನೆಯ ಮಾತು ಲಾಟರಿಯದು. ಅಮೆರಿಕದ ಹುಡುಗರು ಹೈಸ್ಕೂಲು ಮುಗಿಸಿ ಒಂದು ವರ್ಷವಾದರೂ ಕಳೆದಿರಬೇಕು, ಡ್ರಾಫ್ಟ್ ನಡೆಯುವ ವರ್ಷದೊಳಗೆ ಹತ್ತೊಂಬತ್ತು ತುಂಬಬೇಕು. 2006ರಿಂದ ಇದೇ ನಿಯಮ. ಹಾಗಾಗಿ ಹುಷಾರು ಹುಡುಗರು ಒಂದೇ ವರ್ಷದ ಮಟ್ಟಿಗೆ ಕಾಲೇಜಿನ ಕಡೆ ತಲೆ ಹಾಕಿ, ಮೂವತ್ತು ಚಿಲ್ಲರೆ ಪಂದ್ಯ ಆಡಿ ಎದ್ದು ಹೋಗುತ್ತಾರೆ. ಅಷ್ಟನ್ನು ನೋಡಿ ಕೋಟಿಗಟ್ಟಲೆ ಡಾಲರಿನ ತೀರ್ಮಾನ ಮಾಡಬೇಕು. ಕಂಡದ್ದು ಬೊಗಸೆಯಷ್ಟು, ಊಹಿಸಬೇಕಾದ್ದು ಬೆಟ್ಟದಷ್ಟು. ಭಾವನಂಥವರು ಹುಲುಸಾಗಿ ಬೆಳೆಯುವುದು ಇಂಥ ಜಾಗದಲ್ಲೇ.

ಅವರ ಜೊತೆ ಕೂತು ಆಟ ನೋಡುವುದು ಸುಲಭವಲ್ಲ. ಚೆಂಡು ಬುಟ್ಟಿಗೆ ಬಿತ್ತೆಂದು ನಾನು ಚಪ್ಪಾಳೆ ತಟ್ಟಿದರೆ ಅವರಿಗೆ ರೇಗುತ್ತದೆ.

"ಯಾಕಯ್ಯಾ ಚಪ್ಪಾಳೆ? ಅವನ ಎಡಗಾಲು ನೋಡಿದ್ಯಾ?"

"ಚೆಂಡು ಬಿತ್ತಲ್ಲ ಭಾವ."

"ಚೆಂಡು ಯಾರು ಹಾಕಿದ್ರೂ ಬೀಳುತ್ತೆ. ಎಡಗಾಲು ಹಿಂದೆ ಉಳೀತು. ದೊಡ್ಡೋರ ಆಟದಲ್ಲಿ ಇವನನ್ನ ನುಂಗಿ ನೀರು ಕುಡೀತಾರೆ."

ಮರುಕ್ಷಣ ಇನ್ನೊಬ್ಬ ಎಸೆದ ಚೆಂಡು ಬುಟ್ಟಿಯನ್ನಿರಲಿ, ಹಲಗೆಯನ್ನೂ ಮುಟ್ಟದೆ ಪ್ರೇಕ್ಷಕರ ಮಡಿಲಿಗೆ ಹೋಗುತ್ತದೆ. ಭಾವನ ಕಣ್ಣು ಅರಳುತ್ತದೆ. "ನೋಡ್ದಾ? ಅಲ್ಲಿಂದ ಎಸೆಯೋಕೆ ಎಷ್ಟು ಎದೆಗಾರಿಕೆ ಬೇಕು!" ತೊಡೆಯ ಮೇಲಿನ ಲ್ಯಾಪ್‌ಟಾಪಿನಲ್ಲಿ ಒಬ್ಬನ ಹೆಸರು ಇಳಿಯುತ್ತದೆ, ಇನ್ನೊಬ್ಬನದು ಏರುತ್ತದೆ. ಅರವತ್ತು ಹೆಸರಿನ ಆ ಪಟ್ಟಿಯನ್ನು ಅವರು ದಿನಾ ತಿದ್ದುತ್ತಾರೆ. ಆಯಾ ಹುಡುಗರ ತಾಯಂದಿರಿಗೂ ಇಷ್ಟು ಚಿಂತೆ ಇರಲಾರದು.

ಮೇ ತಿಂಗಳಲ್ಲಿ ಶಿಕಾಗೋದಲ್ಲಿ ಕಂಬೈನ್ ಎಂಬ ಪರೀಕ್ಷೆ ನಡೆಯುತ್ತದೆ. ಹುಡುಗರ ಬೂಟು ಬಿಚ್ಚಿಸಿ ಎತ್ತರ ಅಳೆಯುತ್ತಾರೆ. ತೋಳು ಚಾಚಿಸಿ ಬೆರಳ ತುದಿಯಿಂದ ಬೆರಳ ತುದಿಗೆ ಟೇಪು ಹಿಡಿಯುತ್ತಾರೆ. ಅಂಗೈಯ ಉದ್ದ ಬೇರೆ, ಅಗಲ ಬೇರೆ. ನಿಂತಲ್ಲಿಂದ ನೆಗೆದದ್ದು ಒಂದು ಲೆಕ್ಕ, ಓಡಿಬಂದು ನೆಗೆದದ್ದು ಇನ್ನೊಂದು. ಎಲ್ಲವೂ ಕಾಲಿಂಚಿನ ನಿಖರತೆಯಲ್ಲಿ. 2025ರಲ್ಲಿ ಏಸ್ ಬೈಲಿ ಎಂಬ ಹುಡುಗ ಅವನ ರಟ್ಗರ್ಸ್ ವಿಶ್ವವಿದ್ಯಾಲಯದ ಪಟ್ಟಿಯ ಪ್ರಕಾರ 6 ಅಡಿ 10 ಇಂಚು ಇದ್ದ. ಶಿಕಾಗೋದಲ್ಲಿ ಬರಿಗಾಲಲ್ಲಿ ನಿಲ್ಲಿಸಿದಾಗ 6 ಅಡಿ ಏಳೂವರೆಗೆ ಇಳಿದ. ಆ ರಾತ್ರಿ ಭಾವ ಸರಿಯಾಗಿ ಊಟ ಮಾಡಲಿಲ್ಲವಂತೆ. ಸ್ವತಃ ಐದಡಿ ಐದಿಂಚಿನ ಮನುಷ್ಯನಿಗೆ ಪರರ ಎರಡೂವರೆ ಇಂಚು ಅಷ್ಟು ನೋವು ಕೊಡಬಲ್ಲದು.

"2007ರಲ್ಲಿ ಕೆವಿನ್ ಡ್ಯುರಾಂಟ್ ಇದೇ ಪರೀಕ್ಷೆಯಲ್ಲಿ 84 ಕಿಲೋ ಬಾರನ್ನು ಒಂದು ಸಲವೂ ಎತ್ತಲಿಲ್ಲವಂತಲ್ಲ ಭಾವ? ಮುಂದೆ ರಾಶಿಗಟ್ಟಲೆ ಅಂಕ ಗಳಿಸಿದ" ಎಂದೆ.

"ಅಳತೆಯೇ ಎಲ್ಲಾ ಅಲ್ಲ ಕಣಯ್ಯಾ" ಎಂದು ನಕ್ಕರು. ಹೇಳುತ್ತಲೇ ಮುಂದಿನ ಹುಡುಗನ ಅಂಗೈ ಅಗಲ ಹುಡುಕತೊಡಗಿದರು.

ಈ ಗುಣ ಅವರಿಗೆ ರಕ್ತದಲ್ಲೇ ಬಂದದ್ದು. ಅವರ ತಂದೆ ಬೂಕನಬೆಟ್ಟದ ದನಗಳ ಜಾತ್ರೆಯಲ್ಲಿ ಹೆಸರಾದವರು. ಹಳ್ಳಿಕಾರ್ ಹೋರಿಯ ಬಾಯಿ ಬಿಡಿಸಿ ಹಲ್ಲು ನೋಡಿ, ಮೈಮೇಲಿನ ಸುಳಿ ನೋಡಿ, ಗೊರಸು ತಟ್ಟಿ, ನಾಲ್ಕು ಹೆಜ್ಜೆ ನಡೆಸಿ, ಕೊನೆಗೆ ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುತ್ತಿದ್ದರು. ಆದರೆ ಅಪ್ಪನಿಗೂ ಮಗನಿಗೂ ಒಂದು ವ್ಯತ್ಯಾಸವಿದೆ. ಆ ಹಿರಿಯರು ಗಂಟು ಬಿಚ್ಚಿ ದುಡ್ಡು ಎಣಿಸಬೇಕಿತ್ತು. ಹೋರಿಯನ್ನು ತಮ್ಮದೇ ಕೊಟ್ಟಿಗೆಯಲ್ಲಿ ಕಟ್ಟಬೇಕಿತ್ತು. ನೇಗಿಲಿಗೆ ಹೂಡಿದಾಗ ಅದು ಸಾಲಿನ ಮಧ್ಯೆ ಮಲಗಿದರೆ ಪಕ್ಕದ ಹೊಲದವನು ನಗುವುದನ್ನು ಸಹಿಸಬೇಕಿತ್ತು. ಮಗನ ಟವೆಲಿನ ಕೆಳಗೆ ಬೆರಳೂ ಇಲ್ಲ, ದುಡ್ಡೂ ಇಲ್ಲ.

ಆ ಕೊರತೆಯನ್ನು ಅವರು ಮಾತಿನಲ್ಲಿ ತುಂಬಿಕೊಳ್ಳುತ್ತಾರೆ. ಪ್ರತಿ ಹುಡುಗನಿಗೂ ಒಂದು ಸೀಲಿಂಗ್, ಒಂದು ಫ್ಲೋರ್: ಎಲ್ಲ ಸರಿಹೋದರೆ ಇಷ್ಟು ಮೇಲಕ್ಕೆ, ಎಲ್ಲ ಕೆಟ್ಟರೆ ಇಷ್ಟು ಕೆಳಕ್ಕೆ. ಇವೆರಡರ ನಡುವೆ ಒಂದು ಜೀವಮಾನವೇ ಹಿಡಿಸುವುದರಿಂದ ಭಾವ ಯಾವತ್ತೂ ತಪ್ಪಿಲ್ಲ. ಜೊತೆಗೆ ಪ್ರತಿಯೊಬ್ಬನೂ ಹಳಬ ಆಟಗಾರನೊಬ್ಬನನ್ನು ಹೋಲಲೇಬೇಕು. "ಇವನು ಎಡಗೈಯ ಇಂಥವನು", "ಇವನು ನಿಧಾನದ ಅಂಥವನು." ಬಿಳಿ ಹುಡುಗನಿಗೆ ಹೋಲಿಕೆ ಸಿಗುವುದು ಹಳೆಯ ಬಿಳಿಯ ಆಟಗಾರನೊಂದಿಗೇ, ಯುರೋಪಿನವನಿಗೆ ಯುರೋಪಿನವನೊಂದಿಗೇ. ಇದೇಕೆ ಹೀಗೆಂದು ಕೇಳಿದರೆ ಭಾವನಿಗೆ ಟೀ ನೆನಪಾಗುತ್ತದೆ.

2014ರಲ್ಲಿ ಟೊರಾಂಟೊ ತಂಡ ಬ್ರೂನೊ ಕಬೊಕ್ಲೊ ಎಂಬ ಬ್ರೆಜಿಲ್ ಹುಡುಗನನ್ನು 20ನೆಯವನಾಗಿ ಆರಿಸಿತು. ಹೆಚ್ಚಿನವರು ಅವನ ಹೆಸರನ್ನೇ ಕೇಳಿರಲಿಲ್ಲ. ಆಗ ಟಿವಿ ವಿಶ್ಲೇಷಕ ಫ್ರಾನ್ ಫ್ರಷಿಲ್ಲಾ ಒಂದು ಮಾತು ಹೇಳಿದರು: ಇನ್ನೆರಡು ವರ್ಷದಲ್ಲಿ ತಯಾರಾಗುತ್ತಾನೆ ಎನ್ನುವ ಹಂತಕ್ಕೆ ಬರಲು ಇವನಿಗೆ ಇನ್ನೂ ಎರಡು ವರ್ಷ ಬೇಕು. ಫ್ರಷಿಲ್ಲಾ ಅದನ್ನು ತಮಾಷೆಗೆ ಹೇಳಿದ್ದು. ಭಾವ ಮಂತ್ರವಾಗಿ ಸ್ವೀಕರಿಸಿದರು. ಅಡುಗೆಮನೆ ರಿಪೇರಿ ಯಾವಾಗ ಎಂದು ಅಕ್ಕ ಕೇಳಿದರೆ ಅದೇ ಉತ್ತರ. ಕನ್ನಡ ಕೂಟದ ಯುಗಾದಿ ಕಾರ್ಯಕ್ರಮದಲ್ಲಿ ಪುಟಾಣಿಗಳು ಕೋಲಾಟ ಆಡುವಾಗ ಪಕ್ಕದವರ ಕಿವಿಯಲ್ಲಿ, "ಎಡಗಡೆಯಿಂದ ಮೂರನೇ ಮಗು ಮೊದಲ ಸುತ್ತಿನದು. ಕೊನೇದು ಪಾಪ, ಎರಡನೇ ಸುತ್ತು" ಎಂದರು. ಪಕ್ಕದವರು ಕೊನೇ ಮಗುವಿನ ತಾತ.

ಅಕ್ಕ ಮಾತ್ರ ಜಗ್ಗುವವಳಲ್ಲ. "ನಮ್ಮಪ್ಪನೂ ಹಿಂಗೇ ಮೋಸ ಹೋಗಿದ್ದು. 'ಹುಡುಗ ಮುಂದೆ ಬರೋ ಲಕ್ಷಣ ಇದೆ ಕಣಮ್ಮಾ' ಅಂದ್ರು. ಇಷ್ಟು ವರ್ಷ ಆಯ್ತು, ಇನ್ನೂ ಬರ್ತಾನೇ ಇದ್ದಾರೆ."

ಎದುರಾಳಿ ಯಾರೇ ಇರಲಿ, ಭಾವನ ಬತ್ತಳಿಕೆಯಲ್ಲಿ ಇತಿಹಾಸವಿದೆ. 1984ರಲ್ಲಿ ಹ್ಯೂಸ್ಟನ್ ಹಕೀಮ್ ಒಲಾಜುವಾನ್‌ನನ್ನು ಆರಿಸಿತು. ಎರಡನೇ ಸರದಿಯ ಪೋರ್ಟ್‌ಲ್ಯಾಂಡ್, ಕಾಲೇಜಿನಲ್ಲೇ ಕಾಲಿನ ಮೂಳೆ ಬಿರುಕು ಬಿಟ್ಟು ಎರಡು ಋತು ಕೂತಿದ್ದ ಸ್ಯಾಮ್ ಬೋವಿಯನ್ನು ಕರೆಯಿತು. ಮೂರನೆಯವನಾಗಿ ಶಿಕಾಗೋಗೆ ಹೋದವನು ಮೈಕೆಲ್ ಜೋರ್ಡನ್; ಆರು ಸಲ ಪ್ರಶಸ್ತಿ ತಂದುಕೊಟ್ಟ. "ಕುರುಡನಿಗೂ ಕಾಣೋದಲ್ವೇನಯ್ಯಾ? ನಾನಾಗಿದ್ರೆ ಜೋರ್ಡನ್ನೇ!" ಎಂದು ಭಾವ ಮೇಜು ಗುದ್ದುತ್ತಾರೆ. ಪೋರ್ಟ್‌ಲ್ಯಾಂಡಿನಲ್ಲಿ ಅದೇ ಜಾಗಕ್ಕೆ ಕ್ಲೈಡ್ ಡ್ರೆಕ್ಸ್‌ಲರ್ ಆಗಲೇ ಇದ್ದ, ಅವರಿಗೆ ಬೇಕಿದ್ದುದು ಎತ್ತರದವನು ಎಂಬ ನ್ಯಾಯದ ಮಾತು ಅವರ ಕಿವಿಗೆ ಬೀಳುವುದಿಲ್ಲ. 1984ರಲ್ಲಿ ತಾವು ಮೂರನೇ ಕ್ಲಾಸಿನಲ್ಲಿದ್ದು, ಬ್ಯಾಸ್ಕೆಟ್‌ಬಾಲನ್ನು ಕಣ್ಣಿಂದ ಕಂಡಿರಲಿಲ್ಲ ಎಂಬುದೂ ಅಡ್ಡ ಬರುವುದಿಲ್ಲ.

2007ರಲ್ಲಿ ಪೋರ್ಟ್‌ಲ್ಯಾಂಡ್ ಮತ್ತೆ ಮುಗ್ಗರಿಸಿತು. ಗ್ರೆಗ್ ಓಡೆನ್ ಒಂದನೆಯವನಾದ, ಡ್ಯುರಾಂಟ್ ಎರಡನೆಯವನಾದ. ಓಡೆನ್‌ನ ಮೊಣಕಾಲುಗಳು ಕೈಕೊಟ್ಟು ಅವನ ಇಡೀ ಎನ್‌ಬಿಎ ಬದುಕು 105 ಪಂದ್ಯಕ್ಕೆ ಮುಗಿಯಿತು. ಸಂಬಳದ ಪರಿಣತರು, ವೈದ್ಯರು, ಎಕ್ಸ್‌ರೇ ಎಲ್ಲವನ್ನೂ ಇಟ್ಟುಕೊಂಡ ತಂಡಗಳೇ ಹೀಗೆ ಎಡವಿದರೆ, ಸೋಫಾ ಮಾತ್ರ ಇರುವ ಮನುಷ್ಯ ಸ್ವಲ್ಪ ತಗ್ಗಬೇಕು ಎಂದು ನಿಮಗನ್ನಿಸಬಹುದು. ಭಾವನಿಗೆ ಅನ್ನಿಸುವುದು ತಿರುಗಾಮುರುಗಾ: ಪರಿಣತರೂ ಎಡವುತ್ತಾರಾದರೆ ನಾನೇಕೆ ಪರಿಣತನಲ್ಲ?

ಹಾಗೆಂದು ಅವರಿಗೆ ಕರುಳಿಲ್ಲವೆಂದಲ್ಲ. 2015ರಲ್ಲಿ ಡಾಲಸ್ ತಂಡವೇ ಪಂಜಾಬಿನ ಹಳ್ಳಿಯೊಂದರಿಂದ ಬಂದ 7 ಅಡಿ 2 ಇಂಚಿನ ಸತ್ನಾಮ್ ಸಿಂಗ್‌ನನ್ನು 52ನೆಯವನಾಗಿ ಆರಿಸಿತು. ಭಾರತದಲ್ಲಿ ಹುಟ್ಟಿದ ಹುಡುಗನೊಬ್ಬ ಡ್ರಾಫ್ಟಿನಲ್ಲಿ ಆಯ್ಕೆಯಾದದ್ದು ಅದೇ ಮೊದಲು. ಅಂದು ಭಾವ ಆಫೀಸಿನಲ್ಲಿ ಮೈಸೂರುಪಾಕು ಹಂಚಿದರು. ಸತ್ನಾಮ್ ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಮುಂದೆ ಟಿವಿ ಕುಸ್ತಿಯ ಕಣಕ್ಕೆ ಹೋದ. ಅವನ ಬಗ್ಗೆ ಭಾವ ಸೀಲಿಂಗು, ಫ್ಲೋರು ಎಂದದ್ದನ್ನು ನಾನು ಕೇಳಿಲ್ಲ. "ಒಳ್ಳೇ ಹುಡುಗ" ಎನ್ನುತ್ತಾರೆ, ಅಷ್ಟೆ.

2025 ಭಾವನ ಪಾಲಿಗೆ ಕಷ್ಟದ ವರ್ಷ. ಫೆಬ್ರುವರಿಯಲ್ಲಿ ಡಾಲಸ್ ತಂಡ ತನ್ನ ಕಣ್ಮಣಿ ಲೂಕಾ ಡಾನ್ಚಿಚ್‌ನನ್ನು ಲಾಸ್ ಏಂಜಲೀಸಿಗೆ ದಾಟಿಸಿತು. ಊರಿಗೆ ಊರೇ ಕೆಂಡವಾಯಿತು. ಮೇ ತಿಂಗಳ ಲಾಟರಿಯಲ್ಲಿ ಅದೇ ತಂಡಕ್ಕೆ, ಬರೀ ಶೇ. 1.8ರ ಅವಕಾಶವಿದ್ದರೂ, ಮೊದಲ ಸರದಿ ಹೊಡೆಯಿತು. ಮೊದಲ ಸರದಿ ಎಂದರೆ ಕೂಪರ್ ಫ್ಲ್ಯಾಗ್: ಮೇಯ್ನ್ ರಾಜ್ಯದ ನ್ಯೂಪೋರ್ಟ್ ಎಂಬ ಪುಟ್ಟ ಊರಿನವನು, ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಒಂದೇ ವರ್ಷ ಆಡಿ ದೇಶದ ಶ್ರೇಷ್ಠ ಕಾಲೇಜು ಆಟಗಾರನೆನಿಸಿದವನು, ಇನ್ನೂ ಹದಿನೆಂಟರವನು. ಡಾಲಸ್ ಕುಣಿಯಿತು. ಭಾವ ಮಾತ್ರ ಮಂಕಾದರು.

"ಖುಷಿಯಿಲ್ವಾ ಭಾವ?"

"ಏನು ಖುಷಿ? ಫ್ಲ್ಯಾಗ್ ನಂಬರ್ ಒನ್ ಅಂತ ಪಾನಿಪುರಿ ಅಂಗಡಿಯವನೂ ಹೇಳ್ತಾನೆ. ಇನ್ನು ನಾನ್ಯಾಕೆ?"

ಎಲ್ಲರೂ ಒಪ್ಪಿದ ಹುಡುಗನಿಂದ ಪಂಡಿತರಿಗೆ ಏನು ಲಾಭ! ಒಂದು ವಾರ ಫ್ಲ್ಯಾಗ್‌ನಲ್ಲಿ ಕುಂದು ಹುಡುಕಿದರು, ಹೇಳಿಕೊಳ್ಳುವಂಥದ್ದು ಸಿಗಲಿಲ್ಲ. ಕೊನೆಗೆ ತಮ್ಮ ನಿಜವಾದ ಕ್ಷೇತ್ರಕ್ಕೆ ಮರಳಿದರು. ಅದು 41ನೇ ಸ್ಥಾನ. 2014ರಲ್ಲಿ ಡೆನ್ವರ್ ತಂಡ ಸರ್ಬಿಯಾದ ನಿಕೋಲಾ ಯೋಕಿಚ್‌ನನ್ನು ಆರಿಸಿದ್ದು 41ನೆಯವನಾಗಿ. ಆ ಹೊತ್ತಿಗೆ ಟಿವಿಯಲ್ಲಿ ಟಾಕೋ ಬೆಲ್ ಜಾಹೀರಾತು ಓಡುತ್ತಿತ್ತು, ಯೋಕಿಚ್ ತನ್ನ ಊರಲ್ಲಿ ನಿದ್ದೆ ಹೊಡೆಯುತ್ತಿದ್ದ. ಮುಂದೆ ಮೂರು ಸಲ ವರ್ಷದ ಶ್ರೇಷ್ಠ ಆಟಗಾರನಾದ, 2023ರಲ್ಲಿ ಡೆನ್ವರಿಗೆ ಪ್ರಶಸ್ತಿ ಗೆದ್ದುಕೊಟ್ಟ. ಭಾವ ಅವನ ಹೆಸರನ್ನು ಮುಂಚೆಯೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರಂತೆ. ಮನೆ ಬದಲಾಯಿಸುವಾಗ ಅದು ಕಳೆದುಹೋಯಿತು. 2009ರಲ್ಲಿ ಆರು ಜನರ ನಂತರ ಆಯ್ಕೆಯಾದ ಸ್ಟೀಫನ್ ಕರಿಯ ಬಗ್ಗೆ ಬರೆದಿಟ್ಟದ್ದೂ ಅದೇ ನೋಟ್‌ಬುಕ್ಕಿನಲ್ಲಿ.

ಈ ಸಲದ 41ಕ್ಕೆ ಯಾವುದೋ ಸಣ್ಣ ಕಾಲೇಜಿನ ಹುಡುಗನೊಬ್ಬನನ್ನು ಗೊತ್ತುಮಾಡಿಕೊಂಡರು. ಬ್ರೂಕ್ಲಿನ್‌ನಲ್ಲಿ ಮೊದಲ ರಾತ್ರಿ ಫ್ಲ್ಯಾಗ್ ಡಾಲಸ್‌ನ ಟೋಪಿ ಹಾಕಿಕೊಂಡಾಗ ಭಾವ ಚಕ್ಕುಲಿ ಮುರಿಯುತ್ತಿದ್ದರು. ಎರಡನೇ ಸುತ್ತಿನ ದಿನ ಮಾತ್ರ ಸ್ನಾನ ಮಾಡಿ, ಹಣೆಗೆ ಕುಂಕುಮವಿಟ್ಟು ಟಿವಿ ಮುಂದೆ ಕೂತರು. 41 ಬಂತು, ಇನ್ಯಾರದೋ ಹೆಸರು. 50 ದಾಟಿತು. 59ಕ್ಕೆ ಪಟ್ಟಿಯೇ ಮುಗಿಯಿತು. ಅವರ ಹುಡುಗನನ್ನು ಯಾರೂ ಕರೆಯಲಿಲ್ಲ. ಏನು ಸಮಾಧಾನ ಹೇಳುವುದೆಂದು ನಾನು ಯೋಚಿಸುತ್ತಿದ್ದರೆ ಭಾವನ ಮುಖದಲ್ಲಿ ಕಳೆ ಏರಿತು.

"ಒಳ್ಳೇದಾಯ್ತು. ಯಾರಿಗೂ ಗೊತ್ತಾಗಿಲ್ಲ."

"ಏನು ಭಾವ?"

"ಅವನು ಎಂಥವನು ಅಂತ. ಬೆನ್ ವಾಲೇಸ್‌ನೂ 1996ರಲ್ಲಿ ಯಾರೂ ಆರಿಸಲಿಲ್ಲ, ಈಗ ಹಾಲ್ ಆಫ್ ಫೇಮ್‌ನಲ್ಲಿದ್ದಾನೆ. ಡೆಟ್ರಾಯ್ಟ್‌ನೋರು 2003ರಲ್ಲಿ ಕಾರ್ಮೆಲೊ ಆಂಥನಿ, ಬಾಷ್, ವೇಡ್ ಎಲ್ಲರನ್ನೂ ಬಿಟ್ಟು ಡಾರ್ಕೊ ಮಿಲಿಚಿಚ್‌ನ ಎರಡನೇ ನಂಬರಿಗೆ ತಗೊಂಡ್ರು. ಮುಂದಿನ ವರ್ಷ ಅವರಿಗೆ ಪ್ರಶಸ್ತಿ ಬಂತಲ್ಲ, ಬೆವರು ಸುರಿಸಿದ್ದು ವಾಲೇಸ್. ಡಾರ್ಕೊ ಕೂತಿದ್ದು ಬೆಂಚಿನ ಮೇಲೆ."

ಇದಕ್ಕೆ ಏನೆನ್ನುವುದು? ಆಯ್ಕೆಯಾಗಿ ಗೆದ್ದರೆ ಭಾವ ಹೇಳಿದ್ದು ನಿಜವಾಯಿತು. ಆಯ್ಕೆಯಾಗದಿದ್ದರೆ ಜಗತ್ತು ಕುರುಡು. ಆ ಹುಡುಗ ನಾಳೆ ಆಟ ಬಿಟ್ಟು ಇನ್ಶೂರೆನ್ಸ್ ಮಾರಿದರೆ, ಅವನಿಗೆ ಒಳ್ಳೆಯ ಕೋಚ್ ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಕಾಫಿ ತೆಗೆದುಕೊಂಡು ಹೋದರೆ ಲ್ಯಾಪ್‌ಟಾಪಿನಲ್ಲಿ ಆಗಲೇ 2026ರ ಪಟ್ಟಿ. ಮೊದಲ ಹತ್ತು ಹೆಸರಿನ ಹುಡುಗರಲ್ಲಿ ಹೆಚ್ಚಿನವರು ಕಾಲೇಜಿನ ಬಾಗಿಲನ್ನೂ ಕಂಡಿರಲಿಲ್ಲ. ಅವರಲ್ಲೊಬ್ಬನ ಎತ್ತರದ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿತ್ತು.

"ಇವನಿನ್ನೂ ಬೆಳೀತಿದ್ದಾನೆ ಅಂತೀರಾ ಭಾವ?"

"ಹೂಂ ಮತ್ತೆ! ಬೆಳೆದು ಮುಗಿದವನ ಬಗ್ಗೆ ಮಾತಾಡೋಕೆ ಏನಿರುತ್ತಯ್ಯಾ?" ಎನ್ನುತ್ತಾ ಭಾವ ಕಾಫಿ ಲೋಟಕ್ಕೆ ಕೈ ಚಾಚಿದರು.