ಬಲ್ಬ್ ಮೇಷ್ಟ್ರು

ಬೀದಿಯವರೆಲ್ಲ ‘ಬಲ್ಬ್ ಮೇಷ್ಟ್ರು’ ಎಂದು ಕರೆಯುವ ಮನುಷ್ಯ ಸಾಮಾನ್ಯವಾಗಿ ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಬ್ಯಾಂಕಿನಿಂದಲೋ ಲೋಕೋಪಯೋಗಿ ಇಲಾಖೆಯಿಂದಲೋ ನಿವೃತ್ತರಾಗಿರುತ್ತಾರೆ. ಮೈಸೂರಿನ ಸರಸ್ವತಿಪುರಂ, ಬೆಂಗಳೂರಿನ ಜಯನಗರದಂಥ ಹಳೆಯ ಬಡಾವಣೆಗಳಲ್ಲಿ, ಅಂದರೆ ವೈರಿಂಗ್ ಮನೆಗಿಂತಲೂ ಹಳೆಯದೇನೋ ಎಂಬ ಅನುಮಾನ ಬರುವ ಕಡೆಗಳಲ್ಲಿ, ಇವರ ಸಂಖ್ಯೆ ಹೆಚ್ಚು. ಗುರುತು ಹಿಡಿಯುವುದು ಕಷ್ಟವಲ್ಲ. ಯಾರ ಮನೆಗೆ ಹೋದರೂ ಕೂರುವ ಮೊದಲೇ ಕತ್ತೆತ್ತಿ ಮೇಲೆ ನೋಡುತ್ತಾರೆ. ಕಾಫಿ ಬರುವಷ್ಟರಲ್ಲಿ “ಇದು ಎಷ್ಟು ವ್ಯಾಟು?” ಎಂಬ ಪ್ರಶ್ನೆ ಬಂದಿರುತ್ತದೆ.

ಮಲ್ಲೇಶ್ವರದ ಮೈಸೂರು ಲ್ಯಾಂಪ್ಸ್ ಕಾರ್ಖಾನೆಯ ಬುರುಡೆ ಬಲ್ಬು ಉರಿಯುತ್ತಿದ್ದ ಕಾಲದಲ್ಲಿ ಇಂಥವರಿಗೆ ಕೆಲಸವಿರಲಿಲ್ಲ. ನಡುಮನೆಗೆ 60, ಬಚ್ಚಲಿಗೆ 40, ಪರೀಕ್ಷೆಗೆ ಓದುವ ಹುಡುಗನಿದ್ದರೆ 100. ಹೋದರೆ ಅಂಥದ್ದೇ ಇನ್ನೊಂದು. ಆ ಬಲ್ಬು ತಿಂದ ಕರೆಂಟಿನಲ್ಲಿ ನೂರಕ್ಕೆ ತೊಂಬತ್ತು ಪಾಲಿಗೂ ಹೆಚ್ಚು ಬರೀ ಶಾಖವಾಗಿ ಹೋಗುತ್ತಿತ್ತೆಂಬುದು ಯಾರನ್ನೂ ಕಾಡಲಿಲ್ಲ. ಟ್ಯೂಬ್‌ಲೈಟು ಬಂದು ಚೋಕು, ಸ್ಟಾರ್ಟರುಗಳ ಪರಿಚಯ ಮಾಡಿಸಿತು. ಸಿಎಫ್‌ಎಲ್ ಬಂದು ಉಳಿತಾಯದ ರುಚಿ ಹತ್ತಿಸಿತು. 2015ರಲ್ಲಿ ಕೇಂದ್ರ ಸರ್ಕಾರದ ಉಜಾಲಾ ಯೋಜನೆ ಶುರುವಾಗಿ, ಕರ್ನಾಟಕದಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬುಗಳು ಅಗ್ಗವಾಗಿ ಸಿಗತೊಡಗಿದವು. ಕರೆಂಟ್ ಬಿಲ್ಲು ಹಿಡಿದು ಸಾಲಿನಲ್ಲಿ ನಿಂತವರ ಪೈಕಿ, ತಮ್ಮ ಸರದಿ ಬರುವ ಮೊದಲೇ ಹಿಂದಿನವರಿಗೂ ಮುಂದಿನವರಿಗೂ ಯೋಜನೆಯ ವಿವರ ಕೊಡುತ್ತಿದ್ದವರು ಮುಂದೆ ಬಲ್ಬ್ ಮೇಷ್ಟ್ರಾದರು.

ಇವರ ನಿಜವಾದ ಪ್ರತಿಭೆ ಕಾಣುವುದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ. ಗಿರಾಕಿಗಳಿಲ್ಲದ ಮಧ್ಯಾಹ್ನದ ಹೊತ್ತು ನೋಡಿಕೊಂಡೇ ಹೋಗುತ್ತಾರೆ. ಒಂದು ಬಲ್ಬು ಬೇಕೆಂದು ಆರು ಡಬ್ಬಿ ತೆಗೆಸುತ್ತಾರೆ. ಎಲ್ಲವೂ 9 ವ್ಯಾಟಿನವೇ; ಆದರೆ ಒಂದರ ಮೇಲೆ 810 ಲ್ಯೂಮೆನ್ ಎಂದಿದ್ದರೆ ಇನ್ನೊಂದರ ಮೇಲೆ 900. ವ್ಯಾಟು ಎಂದರೆ ತಿನ್ನುವ ಕರೆಂಟು, ಲ್ಯೂಮೆನ್ ಎಂದರೆ ಕೊಡುವ ಬೆಳಕು, ಹಳೆಯ 60ರ ಬುರುಡೆ ಕೊಡುತ್ತಿದ್ದದ್ದು 700ರಿಂದ 800 ಲ್ಯೂಮೆನ್ ಎಂಬ ಉಪನ್ಯಾಸವನ್ನು ಅಂಗಡಿಯವನು ಬಾಯಿಪಾಠ ಮಾಡಿಕೊಂಡಿರುತ್ತಾನೆ. ಉಪನ್ಯಾಸದಲ್ಲಿ ತಪ್ಪಿಲ್ಲ ಎಂಬುದೇ ಅವನ ಕಷ್ಟ. ಆಮೇಲೆ ಬಿಐಎಸ್ ಗುರುತು ಇದೆಯೇ, ನಕ್ಷತ್ರದ ಚೀಟಿ ಇದೆಯೇ ಎಂಬ ತಪಾಸಣೆ. ಬಲ್ಬನ್ನು ಟೆಸ್ಟ್ ಬೋರ್ಡಿಗೆ ಹಾಕಿ ಉರಿಸಿದ ಮೇಲೆ ಮೊಬೈಲ್ ಕ್ಯಾಮೆರಾ ಹಿಡಿದು ಪರದೆಯ ಮೇಲೆ ಕಪ್ಪು ಪಟ್ಟಿ ಓಡುತ್ತದೆಯೋ ಎಂದು ನೋಡುತ್ತಾರೆ. ಓಡಿದರೆ ಬೆಳಕು ಕಣ್ಣಿಗೆ ಕಾಣದಂತೆ ಮಿನುಗುತ್ತಿದೆ, ಒಳಗೆ ಕರೆಂಟನ್ನು ಹದಮಾಡುವ ಡ್ರೈವರ್ ಅಗ್ಗದ್ದು ಎಂದು ತೀರ್ಪು.

ಕೊನೆಗೆ ಬರುವುದು ಆಯುಸ್ಸಿನ ತಕರಾರು. ಡಬ್ಬಿಯ ಮೇಲೆ 25,000 ಗಂಟೆ ಎಂದು ಅಚ್ಚಾಗಿರುತ್ತದೆ. ದಿನಕ್ಕೆ ಐದು ಗಂಟೆಯಂತೆ ಹದಿಮೂರೂವರೆ ವರ್ಷಕ್ಕೂ ಹೆಚ್ಚಾಯಿತು. ಅಂಗಡಿಯವನು ಮಾರ್ಕರ್ ಪೆನ್ನಿನಿಂದ ಬಲ್ಬಿನ ಕುತ್ತಿಗೆಯ ಮೇಲೆ ತಾರೀಖು ಬರೆಯುತ್ತ, “ಎರಡು ವರ್ಷ ವಾರಂಟಿ ಸಾರ್” ಎನ್ನುತ್ತಾನೆ. “ಉಳಿದ ಹನ್ನೊಂದು ವರ್ಷ ಚಿಲ್ಲರೆ ಯಾರ ಲೆಕ್ಕಕ್ಕಪ್ಪಾ?” ಎಂದು ಮೇಷ್ಟ್ರು ಕೇಳುತ್ತಾರೆ. ಉತ್ತರವನ್ನೂ ಅವರೇ ಕೊಡುತ್ತಾರೆ: ಬೆಳಕು ಕೊಡುವ ಚಿಪ್ಪು ಅಷ್ಟು ಬೇಗ ಸಾಯುವುದಿಲ್ಲ, ಸಾಯುವುದು ಡ್ರೈವರು, ಅದೂ ಗಾಳಿಯಾಡದ ಗಾಜಿನ ಗೋಲದೊಳಗೆ ಹಾಕಿದರೆ ಕಾವಿಗೆ ಬೇಗ ಬೇಯುತ್ತದೆ. ಇಷ್ಟೆಲ್ಲ ಆದಮೇಲೆ ಹತ್ತು ರೂಪಾಯಿ ಬಿಡಿಸಿಕೊಂಡು ಮನೆಗೆ ಬಂದರೆ ಹೋಲ್ಡರ್ ತಿರುಪಿನದು, ತಂದದ್ದು ಪಿನ್ನಿನದು. ಮರುದಿನ ಮಧ್ಯಾಹ್ನ ಮತ್ತೆ ಅಂಗಡಿ.

ಮನೆಯಲ್ಲಿ ಇವರ ಅಧಿಕಾರ ಬಣ್ಣದ ಪ್ರಶ್ನೆಗೆ ಬಂದು ಮುಗ್ಗರಿಸುತ್ತದೆ. ಎಲ್‌ಇಡಿ ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ: 2700ರಿಂದ 3000 ಬುರುಡೆ ಬಲ್ಬಿನ ಹಳದಿ, 6500 ಟ್ಯೂಬ್‌ಲೈಟಿನ ಬಿಳಿ. ಮಗಳು ಹಳದಿಯ ಪಕ್ಷ. ಅದು ಹಿತವಾದ ಬೆಳಕಂತೆ. ಹೆಂಡತಿ ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಾರೆ: “ರೀ, ಈ ಬೆಳಕಲ್ಲಿ ಅಕ್ಕಿಯೊಳಗಿನ ಕಲ್ಲು ಕಾಣುತ್ತೇನ್ರೀ?” ಮೇಷ್ಟ್ರು ರಾಜಿಯಾಗಿ 4000 ತರುತ್ತಾರೆ, ಇಬ್ಬರೂ ಮಾತು ಬಿಡುತ್ತಾರೆ. ಇದರ ಮೇಲೆ ಅಂಗಡಿಯಲ್ಲಿ ಮೆರೂನ್ ಆಗಿದ್ದ ಸೀರೆಯ ಅಂಚು ಮನೆಯಲ್ಲಿ ಕಂದಾಗಿದೆ ಎಂಬ ದೂರು ಬೇರೆ. ನೋಡಿದರೆ ಆ ದೂರಿಗೂ ಒಂದು ಅಂಕಿಯಿದೆ. ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆಂದು ಹೇಳುವ ಸಿಆರ್‌ಐ ಕನಿಷ್ಠ 80 ಇರಬೇಕು, 90 ಇದ್ದರೆ ಉತ್ತಮ. ಡಬ್ಬಿಯ ಎಲ್ಲ ಮೂಲೆಗಳನ್ನೂ ಓದಿದ ಮೇಷ್ಟ್ರು ಓದದೆ ಬಿಟ್ಟದ್ದು ಅದೊಂದನ್ನೇ.

ಇವರಿಂದ ಊರಿಗೆ ಉಪಕಾರವೂ ಇದೆ. ಸ್ವಿಚ್ ಆರಿಸಿದ ಮೇಲೂ ಎಲ್‌ಇಡಿ ಬಲ್ಬು ರಾತ್ರಿಯಿಡೀ ಮಂಕಾಗಿ ಮಿಣಮಿಣ ಎನ್ನುತ್ತಿದ್ದರೆ ನೆರೆಯವರು ಬಲ್ಬು ಕೆಟ್ಟಿತೆಂದು ಎಸೆಯುತ್ತಾರೆ, ಕೆಲವರು ಶಾಂತಿ ಮಾಡಿಸುವ ಮಾತೂ ಆಡುತ್ತಾರೆ. ಮೇಷ್ಟ್ರು ಟೆಸ್ಟರ್ ತರುತ್ತಾರೆ. ಒಂದೋ ಸ್ವಿಚ್ಚಿನೊಳಗೆ ಪುಟ್ಟ ಸೂಚಕ ದೀಪವಿದೆ. ಇಲ್ಲವೇ ಹಳೆಯ ವೈರಿಂಗಿನಲ್ಲಿ ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್ಲಿಗೆ ಕೊಟ್ಟಿದ್ದಾರೆ. ಎರಡನೆಯದಾದರೆ ಸ್ವಿಚ್ ಆರಿಸಿದರೂ ಹೋಲ್ಡರಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಮೇನ್ ಆರಿಸದೆ ಬಲ್ಬಿಗೆ ಕೈ ಹಾಕಬಾರದು, ಎಲೆಕ್ಟ್ರಿಷಿಯನ್ನನ್ನು ಕರೆಸಿ ಸರಿಪಡಿಸಿಕೊಳ್ಳಬೇಕು. ಈ ಒಂದು ಮಾತಿಗಾಗಿ ಅವರ ಉಳಿದ ಮಾತುಗಳನ್ನು ಸಹಿಸಬಹುದು.

ಉಳಿತಾಯದ ಲೆಕ್ಕದಲ್ಲಿ ಮಾತ್ರ ಇವರ ದೃಷ್ಟಿ ಬಲ್ಬಿನಾಚೆ ಹೋಗುವುದಿಲ್ಲ. ದೇವರ ಮನೆಯಲ್ಲಿ ಹಳೆಯ ಝೀರೋ ಬಲ್ಬು ಹಗಲೂ ರಾತ್ರಿ ಉರಿಯುತ್ತಿರುತ್ತದೆ. ಅದು ನುಂಗುವುದು ಸುಮಾರು 15 ವ್ಯಾಟು, ನಡುಮನೆಯ ಎಲ್‌ಇಡಿಗಿಂತ ಹೆಚ್ಚು. ಎರಡು ಕಿಲೋವ್ಯಾಟಿನ ಗೀಸರ್ ಅರ್ಧ ಗಂಟೆಯಲ್ಲಿ ಒಂದು ಯೂನಿಟ್ ಮುಗಿಸುತ್ತದೆ. ಅಷ್ಟು ಕರೆಂಟಿನಲ್ಲಿ 9 ವ್ಯಾಟಿನ ಬಲ್ಬು ನೂರಕ್ಕೂ ಹೆಚ್ಚು ಗಂಟೆ ಉರಿಯುತ್ತಿತ್ತು. ಸ್ನಾನದ ವಿಷಯದಲ್ಲಿ ಮೇಷ್ಟ್ರು ಯಾವ ಲೆಕ್ಕವನ್ನೂ ಕೇಳುವವರಲ್ಲ.

ಇವರ ಮನಸ್ಸಿಗೆ ದೊಡ್ಡ ಪೆಟ್ಟು ಬಿದ್ದದ್ದು 2023ರಲ್ಲಿ, ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ ಬಂದಾಗ. ತಿಂಗಳಿಗೆ 200 ಯೂನಿಟ್ ಮಿತಿಯೊಳಗೆ, ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಅಷ್ಟು ಉಚಿತ ಎಂಬುದು ಆಗಿನ ನಿಯಮ. ಪ್ರತಿ ಕೋಣೆಯ ಬಲ್ಬು ಬದಲಿಸಿ, ಓಡಾಡಿ ಓಡಾಡಿ ಸ್ವಿಚ್ ಆರಿಸಿ ಸರಾಸರಿಯನ್ನು 60ಕ್ಕೆ ಇಳಿಸಿದ್ದ ಮೇಷ್ಟ್ರಿಗೆ ಸಿಕ್ಕಿದ್ದು 66. ಹಗಲಲ್ಲೂ ದೀಪ ಉರಿಸಿ 170 ಸುಡುತ್ತಿದ್ದ ಎದುರು ಮನೆಯವರಿಗೆ 187. ಆ ತಿಂಗಳು ಮೇಷ್ಟ್ರು ಯಾರ ಮನೆಯ ಬಲ್ಬನ್ನೂ ವಿಚಾರಿಸಲಿಲ್ಲ.

ಈಗ ಚೇತರಿಸಿಕೊಂಡಿದ್ದಾರೆ, ಗಮನ ಫ್ಯಾನಿನ ಕಡೆ ಹೊರಳಿದೆ. ಹಳೆಯ ಸೀಲಿಂಗ್ ಫ್ಯಾನು 75 ವ್ಯಾಟಿನ ಆಸುಪಾಸು ತಿಂದರೆ ಬಿಎಲ್‌ಡಿಸಿ ಫ್ಯಾನಿಗೆ ಸುಮಾರು 30 ಸಾಕು. ಮೇಷ್ಟ್ರು ಬಾಗಿಲು ತಟ್ಟುವ ಮೊದಲೇ ಓದುಗರು ಅದನ್ನು ಹಾಕಿಸಿಕೊಂಡರೆ ಕರೆಂಟಿನ ಜೊತೆಗೆ ಒಂದು ಸಂಜೆಯೂ ಉಳಿಯುತ್ತದೆ.