ಎಮ್ಮೆಗೆ ಹಾಕಿದ ಬರೆಗೆ ಏಳಕ್ಕೆ ಎಷ್ಟು ಅಂಕ?

ಅಂತರರಾಷ್ಟ್ರೀಯ ಒಲಿಂಪಿಯಾಡ್‌ಗಳ ಸಭೆಗಳಲ್ಲಿ ನಿರ್ಣಯಕ್ಕೆ ಕೈ ಎತ್ತುವ ಸಕಲ ಪ್ರಾಧ್ಯಾಪಕ ಮಹಾಶಯರ ಸನ್ನಿಧಿಗೆ,

ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಗಣಿತ ಹೇಳಿಕೊಟ್ಟು ನಿವೃತ್ತನಾದ ಮೇಷ್ಟ್ರೊಬ್ಬನ ನಮಸ್ಕಾರಗಳು.

ನನ್ನ ಪರಿಚಯ ನಿಮಗಿಲ್ಲ, ಇರಬೇಕಾದ ಕಾರಣವೂ ಇಲ್ಲ. ನೀವು ಕೂರುವ ಜ್ಯೂರಿಯಲ್ಲಿ ನೂರು ದೇಶಗಳ ವಿದ್ವಾಂಸರಿರುತ್ತಾರೆ. ನಾನು ಕೂತದ್ದು ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನ ಕೇಂದ್ರದಲ್ಲಿ, ಫ್ಯಾನು ತಿರುಗದ ಕೋಣೆಯ ಕಬ್ಬಿಣದ ಕುರ್ಚಿಯ ಮೇಲೆ. ಆದರೂ ಒಂದು ವಿಷಯದಲ್ಲಿ ನಾವಿಬ್ಬರೂ ಒಂದೇ ಜಾತಿ: ಮಕ್ಕಳು ಬರೆದದ್ದಕ್ಕೆ ಅಂಕ ಹಾಕುವವರು. ಆ ಸಲುಗೆಯಿಂದ ಈ ಸಲ ನಿಮ್ಮ ಉತ್ತರಪತ್ರಿಕೆಯನ್ನೇ ತಿದ್ದಲು ಕೂತಿದ್ದೇನೆ. ಪ್ರಶ್ನೆ ಇದು: ‘ಒಂದು ಸರ್ಕಾರ ಯುದ್ಧಕ್ಕಿಳಿದಿದೆ. ಅದನ್ನು ಪ್ರತಿಭಟಿಸಬೇಕು. ಖರ್ಚು ಯಾರ ಲೆಕ್ಕಕ್ಕೆ?’ ಗಣಿತ ಒಲಿಂಪಿಯಾಡಿನ ಪದ್ಧತಿಯಂತೆ ಏಳು ಅಂಕ.

ನಿಮ್ಮ ಉತ್ತರ ಚಿಕ್ಕದಾಗಿ ಚೊಕ್ಕವಾಗಿದೆ: ‘ಹದಿನೇಳು ವರ್ಷದ ಹುಡುಗನ ಲೆಕ್ಕಕ್ಕೆ.’

2022ರ ಗಣಿತ ಒಲಿಂಪಿಯಾಡ್ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನಡೆಯಬೇಕಿತ್ತು. ರಷ್ಯಾ ಉಕ್ರೇನಿನ ಮೇಲೆ ದಂಡೆತ್ತಿ ಹೋದದ್ದರಿಂದ ಅದು ಓಸ್ಲೋಗೆ ಸ್ಥಳಾಂತರವಾಯಿತು. ರಷ್ಯಾದ ಮಕ್ಕಳು ದೂರದಲ್ಲೇ ಕೂತು, ದೇಶದ ಹೆಸರಿಲ್ಲದೆ, ಬಿಡಿ ವ್ಯಕ್ತಿಗಳಾಗಿ ಪರೀಕ್ಷೆ ಬರೆದರು. 2024ರ ಸೆಪ್ಟೆಂಬರಿನಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡಿನ ಮಹಾಸಭೆ ಗಾಜಾ ಯುದ್ಧದ ಕಾರಣಕ್ಕೆ ಇಸ್ರೇಲ್ ನಿಯೋಗವನ್ನು ಹೊರಗಿಟ್ಟಿತು. ಮಕ್ಕಳು ಬೇಕಿದ್ದರೆ ಒಲಿಂಪಿಯಾಡಿನ ಬಾವುಟದಡಿ ಬರಬಹುದೆಂದಿತು. 2025ರ ಆಗಸ್ಟಿನಲ್ಲಿ ಖಗೋಳ ಒಲಿಂಪಿಯಾಡ್ ನಮ್ಮ ಮುಂಬೈಗೇ ಬಂದಾಗ, ಇಸ್ರೇಲ್ ತಂಡದ ವಿರುದ್ಧ ನಮ್ಮ ದೇಶದ ವಿದ್ವಾಂಸರ ಸಹಿಪತ್ರವೂ ಹೊರಟಿತು. ನಕ್ಷತ್ರ ನೋಡಲು ಬಂದವರ ಪಾಸ್‌ಪೋರ್ಟು ನೋಡುವುದೂ ಒಂದು ಬಗೆಯ ವೀಕ್ಷಣೆಯೇ.

ಈಗ ಮೌಲ್ಯಮಾಪನ. ನಮ್ಮಲ್ಲಿ ಪ್ರಮೇಯವನ್ನು ನಾಲ್ಕು ತಲೆಬರಹದಡಿ ಬರೆಸುತ್ತೇವೆ: ದತ್ತ, ಸಾಧನೀಯ, ರಚನೆ, ಸಾಧನೆ. ದತ್ತ ಸರಿಯಿದೆ. ಯುದ್ಧ ನಿಜ, ಸತ್ತವರು ನಿಜ, 2024ರ ಜನವರಿಯಲ್ಲಿ ಗಾಜಾದ ಇಸ್ರಾ ವಿಶ್ವವಿದ್ಯಾಲಯದ ಕಟ್ಟಡಕ್ಕೆ ಸಿಡಿಮದ್ದಿಟ್ಟು ಉರುಳಿಸಿದ್ದು ನಿಜ. ಅರ್ಧ ಅಂಕ. ಸಾಧನೀಯವೂ ಸರಿ: ಇದನ್ನೆಲ್ಲ ಕಂಡು ಬಲ್ಲವರು ಬಾಯಿ ಮುಚ್ಚಿ ಕೂರಬಾರದು. ಇನ್ನರ್ಧ ಅಂಕ.

ನಿಮ್ಮ ಪಕ್ಕದ ಬೆಂಚಿನಲ್ಲಿ ಕೂತು ‘ವಿಜ್ಞಾನದಲ್ಲಿ ರಾಜಕೀಯ ತರಬೇಡಿ’ ಎಂದು ಬರೆದವರಿಗೆ ಈ ಒಂದು ಅಂಕವೂ ಇಲ್ಲ. 1959ರಲ್ಲಿ ರೊಮೇನಿಯಾದಲ್ಲಿ ಮೊದಲ ಗಣಿತ ಒಲಿಂಪಿಯಾಡ್ ನಡೆದಾಗ ಬಂದದ್ದು ಏಳೇ ದೇಶ, ಏಳೂ ಸೋವಿಯತ್ ಬಣದವು. ಅಮೆರಿಕದ ಮಕ್ಕಳು ಬರಲು 1974 ಆಗಬೇಕಾಯಿತು, ಅದೂ ಪೂರ್ವ ಜರ್ಮನಿಯ ಎರ್ಫರ್ಟ್‌ಗೆ. ಬಾವುಟ ಹಿಡಿಸಿ ವೇದಿಕೆ ಹತ್ತಿಸುವುದು, ಪದಕ ಬಂದ ಮರುಗಳಿಗೆ ಮಂತ್ರಿಗಳು ‘ನಮ್ಮ ಹುಡುಗ’ ಎನ್ನುವುದು ರಾಜಕೀಯವಲ್ಲ, ಆ ಬಾವುಟ ಕಿತ್ತುಕೊಂಡರೆ ಮಾತ್ರ ರಾಜಕೀಯ ಎನ್ನುವವರಿಗೆ ಸೊನ್ನೆ. ದುಂಡಗೆ ಬರೆದಿದ್ದೇನೆ.

ತೊಂದರೆ ಇರುವುದು ನಿಮ್ಮ ರಚನೆಯಲ್ಲಿ. ‘ಹುಡುಗ = ಸರ್ಕಾರ ಆಗಿರಲಿ’ ಎಂದು ಬರೆದುಬಿಟ್ಟಿದ್ದೀರಿ. ಹೇಗೆ ಆಗಿರಲಿ? ಅವನಿಗೆ ಇನ್ನೂ ಮತ ಹಾಕುವ ವಯಸ್ಸಾಗಿಲ್ಲ. ‘ನಾವು ಹುಡುಗನನ್ನು ತಡೆದಿಲ್ಲ, ಬಾವುಟ ಮಾತ್ರ ತೆಗೆದೆವು’ ಎಂಬ ಅಡಿಟಿಪ್ಪಣಿಯನ್ನೂ ಓದಿದೆ. ಎರಡು ಸಂದರ್ಭ ಮಾಡಿ ನೋಡೋಣ. ಒಂದು, ಬಾವುಟ ಹೋದದ್ದು ಅವನಿಗೆ ತಟ್ಟಲೇ ಇಲ್ಲ. ಹಾಗಿದ್ದರೆ ನೀವು ಕೊಟ್ಟದ್ದು ಶಿಕ್ಷೆಯಲ್ಲ, ಪತ್ರಿಕಾ ಪ್ರಕಟಣೆ. ಎರಡು, ತಟ್ಟಿತು. ಹಾಗಿದ್ದರೆ ಬರೆ ಬಿದ್ದದ್ದು ಅವನಿಗೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ನಮ್ಮ ಗಾದೆಯಲ್ಲಿ ಎಮ್ಮೆಯಾದರೂ ಬೆಳೆದದ್ದು, ನೀವು ಕರುವನ್ನೇ ಹುಡುಕಿದ್ದೀರಿ.

ನಾನು ಮೊದಲು ಕೆಲಸಕ್ಕೆ ಸೇರಿದ ಶಾಲೆಯಲ್ಲೊಬ್ಬ ಹೆಡ್‌ಮಾಸ್ಟರಿದ್ದರು. ಒಂದು ಮಧ್ಯಾಹ್ನ ಎಂಟನೇ ತರಗತಿಯ ಹಿಂದಿನ ಬೆಂಚಿನಿಂದ ಯಾರೋ ಸಿಳ್ಳೆ ಹೊಡೆದರು. ಹೆಡ್‌ಮಾಸ್ಟರು ಬೆತ್ತ ಹಿಡಿದು ಬಂದು ಮೊದಲ ಬೆಂಚಿನ ನಾಲ್ವರ ಅಂಗೈಗೆ ಎರಡೆರಡು ಬಿಗಿದು ಹೋದರು. ಹಿಂದಿನ ಬೆಂಚಿಗೆ ಹೋಗಲು ಚೀಲಗಳನ್ನು ದಾಟಬೇಕಿತ್ತು, ಅಲ್ಲಿದ್ದವನ ಅಪ್ಪ ಊರಿನ ಗೌಡ ಬೇರೆ. ಪೆಟ್ಟು ತಿಂದವರಲ್ಲೊಬ್ಬ ಅಂಗೈಯನ್ನು ಚಡ್ಡಿಗೆ ಉಜ್ಜಿಕೊಂಡು, ಅರ್ಧಕ್ಕೆ ನಿಂತಿದ್ದ ಭಾಗಾಕಾರವನ್ನು ಮುಂದುವರಿಸಿದ. ಶೇಷ ಸರಿ ಬಂದಿತ್ತು. ನಾನು ಸೀಮೆಸುಣ್ಣ ಹಿಡಿದು ನಿಂತೇ ಇದ್ದೆ, ತುಟಿ ಬಿಚ್ಚಲಿಲ್ಲ. ಆದ್ದರಿಂದ ನಿಮಗೆ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಎಟುಕಿದವನಿಗೇ ಪೆಟ್ಟು ಎಂಬ ನ್ಯಾಯ ಹೇಗಿರುತ್ತದೆ ಎಂಬುದು ಮಾತ್ರ ಗೊತ್ತು.

ಹಿಂದಿನವರು ಈ ಲೆಕ್ಕವನ್ನು ಬೇರೆ ರೀತಿ ಬಿಡಿಸಿದ್ದರು. 1914ರಲ್ಲಿ ಜರ್ಮನಿಯ 93 ಮಂದಿ ಪಂಡಿತರು ತಮ್ಮ ಸೈನ್ಯವನ್ನು ಸಮರ್ಥಿಸುವ ಹೇಳಿಕೆಗೆ ಸಹಿ ಹಾಕಿದರು. ಫೆಲಿಕ್ಸ್ ಕ್ಲೈನ್ ಹಾಕಿದರು, ಡೇವಿಡ್ ಹಿಲ್ಬರ್ಟ್ ಒಲ್ಲೆ ಎಂದರು. ಯುದ್ಧ ಮುಗಿದ ಮೇಲೆ, 1920ರ ಸ್ಟ್ರಾಸ್‌ಬೂರ್ಗ್ ಮತ್ತು 1924ರ ಟೊರಾಂಟೊ ಗಣಿತ ಸಮ್ಮೇಳನಗಳಲ್ಲಿ ಜರ್ಮನರಿಗೆ ಬಾಗಿಲು ಹಾಕಲಾಯಿತು. ರಾಮಾನುಜನ್‌ರನ್ನು ಕೇಂಬ್ರಿಜ್‌ಗೆ ಕರೆಸಿಕೊಂಡ ಹಾರ್ಡಿ ಆ ಬಹಿಷ್ಕಾರವನ್ನು ಗೆದ್ದ ದೇಶದಲ್ಲಿ ಕೂತೇ ವಿರೋಧಿಸಿದರು. 1928ರಲ್ಲಿ ಬೊಲೊನ್ಯದಲ್ಲಿ ಬಾಗಿಲು ತೆರೆದಾಗ ಜರ್ಮನ್ ತಂಡವನ್ನು ಮುನ್ನಡೆಸಿಕೊಂಡು ಬಂದವರು ಅದೇ ಹಿಲ್ಬರ್ಟ್. ಆ ಬಹಿಷ್ಕಾರ ತಪ್ಪೋ ಸರಿಯೋ, ಅದು ಪ್ರಾಧ್ಯಾಪಕರು ಪ್ರಾಧ್ಯಾಪಕರಿಗೆ ಹಾಕಿದ ಬಹಿಷ್ಕಾರ. ಶಾಲೆಯ ಹುಡುಗರನ್ನು ಯಾರೂ ಹುಡುಕಿಕೊಂಡು ಹೋಗಲಿಲ್ಲ.

ಇನ್ನೊಂದು ಲೆಕ್ಕ ನಮ್ಮ ಮನೆಯದೇ. 1974ರಲ್ಲಿ ಭಾರತ ಡೇವಿಸ್ ಕಪ್ ಫೈನಲ್ ತಲುಪಿತ್ತು. ಎದುರಾಳಿ ವರ್ಣಭೇದದ ದಕ್ಷಿಣ ಆಫ್ರಿಕಾ. ಭಾರತ ಆಡಲಿಲ್ಲ. ಅಮೃತರಾಜ್ ಸಹೋದರರಿದ್ದ ತಂಡದ ಕೈಯಿಂದ ಕಪ್ ಜಾರಿತು, ದಕ್ಷಿಣ ಆಫ್ರಿಕಾ ಆಡದೆಯೇ ಗೆದ್ದಿತು. ಆ ಪ್ರತಿಭಟನೆಯನ್ನು ಇಂದಿಗೂ ಗೌರವದಿಂದ ನೆನೆಯುತ್ತೇವೆ, ಏಕೆಂದರೆ ಪ್ರತಿಭಟಿಸಿದವರೇ ನಷ್ಟ ಉಂಡರು. ಎದುರಾಳಿಯ ಜೂನಿಯರ್ ತಂಡದ ಹುಡುಗನ ರ‍್ಯಾಕೆಟ್ ಕಿತ್ತಿಟ್ಟುಕೊಂಡಿದ್ದರೆ ಯಾರು ನೆನೆಯುತ್ತಿದ್ದರು?

ನೀವು ಹೇಡಿಗಳೆಂದು ನಾನು ಹೇಳಲಾರೆ. ಗಣಿತ ಒಲಿಂಪಿಯಾಡಿನ ಅಂಕ ನಿರ್ಧಾರದ ಮೇಜಿನ ಮುಂದೆ ತಂಡದ ನಾಯಕರು ಹೋರಾಡುವುದನ್ನು ಬಲ್ಲೆ. ನಿಮ್ಮ ವಿದ್ಯಾರ್ಥಿ ನಾಲ್ಕೂವರೆ ಗಂಟೆ ಕೂತು, ಪುಟದ ಅಂಚಿನಲ್ಲಿ ಗೀಚಿ ಹೊಡೆದು ಹಾಕಿದ ಒಂದು ಸಾಲನ್ನು ತೋರಿಸಿ, ‘ನೋಡಿ, ಇಲ್ಲಿ ಹೊಳೆದಿತ್ತು, ಬರೆಯಲು ಸಮಯವಾಗಲಿಲ್ಲ’ ಎಂದು ಒಂದೇ ಒಂದು ಅಂಕಕ್ಕೆ ಜಗಳ ಕಾಯುತ್ತೀರಿ. ತಾಯಿಯೂ ಮಗನ ಪರವಾಗಿ ಅಷ್ಟು ವಾದಿಸಳು. ಅದೇ ಮಹಾಶಯರು ಪಕ್ಕದ ಸಭಾಂಗಣಕ್ಕೆ ಹೋದೊಡನೆ, ಬೇರೆ ತಂಡದ ಹುಡುಗನ ದೇಶವನ್ನೇ ಅಳಿಸಲು ಒಂದು ಕೈ ಎತ್ತಿದರೆ ಸಾಕಾಗುತ್ತದೆ. ಸಂಜೆ ಊಟಕ್ಕೆ ತಡವಾಗುವುದೂ ಇಲ್ಲ.

ಮಾದರಿ ಉತ್ತರ ಕೊಡುವುದು ನಮ್ಮ ಪದ್ಧತಿ, ಕೊಡುತ್ತೇನೆ. ಯುದ್ಧ ಮಾಡುವ ದೇಶದ ರಕ್ಷಣಾ ಸಂಸ್ಥೆಗಳ ಹಣ ನಿಮ್ಮ ಪ್ರಯೋಗಾಲಯಕ್ಕೆ ಬರುತ್ತಿದ್ದರೆ ವಾಪಸು ಕಳಿಸಿ: ಎರಡು ಅಂಕ. ಅಲ್ಲಿನ ಪ್ರಶಸ್ತಿ, ಸಮ್ಮೇಳನ, ಬಿಸಿನೆಸ್ ಕ್ಲಾಸ್ ಟಿಕೆಟು ಬಂದರೆ ಬೇಡವೆನ್ನಿ, ಯಾಕೆ ಬೇಡವೆಂದು ಬಹಿರಂಗವಾಗಿ ಬರೆಯಿರಿ: ಒಂದು ಅಂಕ. ಶಾಲೆಯೇ ಉಳಿಯದ ಗಾಜಾದ ಹುಡುಗಿಗೋ, ನೆಲಮಾಳಿಗೆಯಲ್ಲಿ ಪಾಠ ಕೇಳುವ ಉಕ್ರೇನಿನ ಖಾರ್ಕಿವ್‌ನ ಹುಡುಗನಿಗೋ ನಿಮ್ಮ ವಿಭಾಗದಲ್ಲಿ ಒಂದು ಸೀಟು, ಒಂದು ವಿದ್ಯಾರ್ಥಿವೇತನ ಕೊಡಿಸಿ: ಎರಡು ಅಂಕ. ನಿಮ್ಮದೇ ಸರ್ಕಾರ ತಪ್ಪು ಮಾಡಿದ ದಿನವೂ ಇದೇ ಪೆನ್ನಿನಿಂದ ಸಹಿ ಹಾಕಿ: ಒಂದು ಅಂಕ. ಈ ಕೊನೆಯ ಅಂಕ ಪಡೆದವರನ್ನು ನನ್ನ ಸರ್ವೀಸಿನಲ್ಲಿ ಹೆಚ್ಚು ಕಂಡಿಲ್ಲ.

ಎಲ್ಲ ಕೂಡಿಸಿದರೆ ನಿಮಗೆ ಬಂದದ್ದು ಏಳಕ್ಕೆ ಒಂದು. ದತ್ತ ಅರ್ಧ, ಸಾಧನೀಯ ಅರ್ಧ, ರಚನೆ ಸೊನ್ನೆ, ಸಾಧನೆ ಸೊನ್ನೆ.

ಮರುಮೌಲ್ಯಮಾಪನಕ್ಕೆ ಅವಕಾಶವಿದೆ, ಶುಲ್ಕವನ್ನು ಮಾತ್ರ ನೀವೇ ಕಟ್ಟಬೇಕು. ಹುಡುಗನ ಕೈಲಿ ಕಳಿಸಬೇಡಿ.

ಇಂತಿ ತಮ್ಮ ವಿಧೇಯ,
ನಿವೃತ್ತ ಗಣಿತ ಮೇಷ್ಟ್ರು